ಐ7 ಎಂದರೆ ದೊಡ್ಡದಲ್ಲವೇ?

ಕಳೆದ ತಿಂಗಳು ಎನ್. ಬೇಗೂರಿನಿಂದ ರೈತರೊಬ್ಬರು ದೂರವಾಣಿ ಮಾಡಿದ್ದರು. ಎಚ್.ಡಿ. ಕೋಟೆ ಸೀಮೆಯ ಕಾಡಂಚಿನ ಊರದು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೇ ಆ ಊರಿನ ಹೆಸರಿದೆ. ಹತ್ತಿ ಮಾರಿದ ದುಡ್ಡು ಕೈಗೆ ಬಂದಿತ್ತು. ಮಗ ಡಿಪ್ಲೊಮಾ ಓದುತ್ತಿದ್ದಾನೆ.

‘ಸಾ, ಹುಡ್ಗ ಕಂಪ್ಯೂಟ್ರು ಬೇಕು ಅಂತ ಕುಂತವ್ನೆ. ಫೋನಲ್ಲಿ ಒಂದು ಜಾಹೀರಾತು ತೋರುಸ್ದ. ಐ ಸೆವೆನ್ನು, ಹದಿನಾರು ಜೀಬಿ, ನಾಕು ಜೀಬಿ ಗ್ರಾಫಿಕ್ಸು, ಬಣ್ಣಬಣ್ಣದ ಲೈಟು, ಎಲ್ಲಾ ಸೇರಿ ಇಪ್ಪತ್ತೆರಡು ಸಾವ್ರವಂತೆ. ಮೈಸೂರಲ್ಲಿ ಕೇಳುದ್ರೆ ಐ ತ್ರೀಗೇ ಅದುಕ್ಕಿಂತ ಜಾಸ್ತಿ ಯೋಳ್ತಾರೆ. ಐ ಸೆವೆನ್ ಅಂದ್ರೆ ದೊಡ್ಡದಲ್ವಾ ಸಾ?’

ಪ್ರಶ್ನೆ ಸರಳ. ಆದರೆ ಒಂದು ಸಂಸಾರದ ವರ್ಷದ ಉಳಿತಾಯ ಅದರ ಮೇಲೆ ನಿಂತಿತ್ತು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಈ ಅಂಕಣಕ್ಕೆ ಕೇಳಿದವರು ಬಹಳ ಮಂದಿ ಇದ್ದಾರೆ. ಆದ್ದರಿಂದ ಅವರಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಐ3, ಐ5, ಐ7 ಎಂಬುವು ಒಂದು ತಲೆಮಾರಿನ ಒಳಗಿನ ದೊಡ್ಡಣ್ಣ-ತಮ್ಮಂದಿರ ಹೆಸರುಗಳು, ಅಷ್ಟೇ. ಅಜ್ಜನ ಕಾಲದ ಹಿರಿಯಣ್ಣನನ್ನು ಮೊಮ್ಮಗನ ಕಾಲದ ಕಿರಿಯನೊಂದಿಗೆ ಹೋಲಿಸಬೇಕಾದರೆ ನೋಡಬೇಕಾದುದು ಆ ಹೆಸರಿನ ಮುಂದಿರುವ ಅಂಕಿಗಳನ್ನು. ಐ7-2600 ಎಂದಿದ್ದರೆ ಅದು ಎರಡನೆಯ ತಲೆಮಾರು. 2011ರಲ್ಲಿ ಮಾರುಕಟ್ಟೆಗೆ ಬಂದದ್ದು. ಐ3-12100ಎಫ್ ಎಂದಿದ್ದರೆ ಹನ್ನೆರಡನೆಯ ತಲೆಮಾರು, 2022ರದು. ಎರಡರಲ್ಲೂ ಇರುವುದು ನಾಲ್ಕೇ ಕೋರು, ಎಂಟು ಥ್ರೆಡ್ಡು. ಆದರೆ ಒಂದೊಂದು ಕೋರಿನ ಕೆಲಸದ ವೇಗ ಎರಡನೆಯದರಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಜಾಹೀರಾತುಗಳಲ್ಲಿ ‘ಐ7’ ಎಂಬುದು ದಪ್ಪಕ್ಷರದಲ್ಲಿರುತ್ತದೆ, ಮುಂದಿನ ನಾಲ್ಕು ಅಂಕಿ ಮಾಯವಾಗಿರುತ್ತದೆ. ಮಾರುವವನಿಗೆ ಫೋನು ಮಾಡಿ ಆ ಅಂಕಿಯನ್ನು ಕೇಳಿ. ಹೇಳಲು ಹಿಂಜರಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಆ ಇಪ್ಪತ್ತೆರಡು ಸಾವಿರದ ಪೆಟ್ಟಿಗೆಯ ವಿವರವನ್ನು ಹುಡುಗನಿಂದಲೇ ತರಿಸಿಕೊಂಡೆ. ನಿರೀಕ್ಷಿಸಿದಂತೆಯೇ ಎರಡನೆಯ ತಲೆಮಾರಿನ ಪ್ರೊಸೆಸರು. ‘ನಾಲ್ಕು ಜಿಬಿ ಗ್ರಾಫಿಕ್ಸು’ ಎಂದದ್ದು ಜಿಟಿ 730 ಎಂಬ 2014ರ ಕಾರ್ಡು. ಕಾರ್ಡಿನ ಮೇಲೆ ಎಷ್ಟು ಜಿಬಿ ಇದೆ ಎಂಬುದು ಕಣಜದ ಅಳತೆಯೇ ಹೊರತು ಅದನ್ನು ತುಂಬುವ, ಬರಿದು ಮಾಡುವ ಕೈಗಳ ಅಳತೆಯಲ್ಲ. ಈ ಜಾತಿಯ ಹಳೆಯ ಕಾರ್ಡುಗಳಿಗೆ ಹೊಸ ಆಟಗಳಿಗೆ ಬೇಕಾದ ಡ್ರೈವರುಗಳನ್ನು ತಯಾರಕರು ಒದಗಿಸುವುದು 2021ರಲ್ಲೇ ನಿಂತಿದೆ. ಇನ್ನೊಂದು ತೊಡಕು ವಿಂಡೋಸ್‌ನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದೇ ಇಲ್ಲ. ಹುಡುಗರ ಬಾಯಲ್ಲಿ ಸದಾ ಇರುವ ವ್ಯಾಲರಂಟ್ ಆಟವಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದಿದ್ದರೆ ಬಾಗಿಲನ್ನೇ ತೆರೆಯದು. ಪೆಟ್ಟಿಗೆ ಹೊಸದು, ದೀಪಗಳು ಹೊಸವು. ಮದರ್‌ಬೋರ್ಡೂ ಕೆಲವು ಸಲ ಹೊಸದಾಗಿಯೇ ತಯಾರಾದದ್ದು. ಒಳಗಿನ ಜೀವ ಮಾತ್ರ ಯಾವುದೋ ಕಚೇರಿಯಿಂದ ನಿವೃತ್ತಿಯಾಗಿ ಬಂದದ್ದು.

‘ಹಂಗಾರೆ ಏನ್ ತಕ್ಕೊಬೇಕು?’ ಎಂದರು.

ಆಟದ ಕಂಪ್ಯೂಟರಿನಲ್ಲಿ ಕೆಲಸ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ತಿಳಿದರೆ ಬಿಡಿಭಾಗಗಳ ಆಯ್ಕೆ ಅರ್ಧ ಮುಗಿದಂತೆ. ಸಾಮಾನ್ಯ ಮಾನಿಟರಿನ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಗುಣಿಸಿದರೆ ಸುಮಾರು 20.7 ಲಕ್ಷ. ಆಟ ತಡವರಿಸದೆ ಓಡಬೇಕಾದರೆ ಸೆಕೆಂಡಿಗೆ 60 ಸಲವಾದರೂ ಚಿತ್ರ ಬದಲಾಗಬೇಕು. ಅಂದರೆ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳಿಗೆ ಬಣ್ಣ ತುಂಬಬೇಕು. ಚೆಂಡು ಎಲ್ಲಿ ಬಿತ್ತು, ಶತ್ರು ಎತ್ತ ಓಡಿದ ಎಂಬ ಲೆಕ್ಕ ಪ್ರೊಸೆಸರಿನದು. ಬಣ್ಣ ತುಂಬುವ ದುಡಿಮೆ ಗ್ರಾಫಿಕ್ಸ್ ಭಾಗದ್ದು. ಒಂದು ಚುರುಕಾಗಿದ್ದು ಇನ್ನೊಂದು ಮಂದವಾಗಿದ್ದರೆ ಚುರುಕಾದದ್ದು ಸುಮ್ಮನೆ ಕಾಯುತ್ತ ನಿಲ್ಲುತ್ತದೆ.

ಇದನ್ನು ನಾನು ವಿವರಿಸುತ್ತಿರುವಾಗಲೇ ಅವರೆಂದರು: ‘ಗೊತ್ತಾಯ್ತು ಬುಡಿ ಸಾ. ಒಂದ್ ಕಡೀಕೆ ಹಳ್ಳಿಕಾರ್ ಹೋರಿ, ಇನ್ನೊಂದ್ ಕಡೀಕೆ ಕರ ಕಟ್ದಂಗೆ.’ ನನ್ನ ಕಾಲು ಗಂಟೆಯ ಉಪನ್ಯಾಸ ಒಂದು ವಾಕ್ಯದಲ್ಲಿ ಮುಗಿದಿತ್ತು.

ಹೊಂದುವ ಜೋಡಿಯೊಂದನ್ನು ಹೇಳಬೇಕೆಂದರೆ, ಆಗ ಹೇಳಿದ ಐ3-12100ಎಫ್ ಜೊತೆಗೆ ಎಎಂಡಿಯ ಆರ್‌ಎಕ್ಸ್ 6600 ಕಾರ್ಡು ಚೆನ್ನಾಗಿ ಸಾಗುತ್ತದೆ. ಕಾರ್ಡು 2021ರದು, ಎಂಟು ಜಿಬಿಯದು. ಇಲ್ಲಿ ‘ಎಫ್’ ಅಕ್ಷರವನ್ನು ಮರೆಯಬಾರದು. ಎಫ್ ಇದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲವೆಂದರ್ಥ. ಬೇರೆ ಕಾರ್ಡು ಹಾಕದಿದ್ದರೆ ಪರದೆ ಕಪ್ಪಗೇ ಉಳಿಯುತ್ತದೆ. ಅಗ್ಗವೆಂದು ಎಫ್ ಕೊಂಡು ಊರಿಗೆ ಹೋಗಿ, ಕಂಪ್ಯೂಟರು ಕೆಟ್ಟಿದೆ ಎಂದು ಹಿಂದಕ್ಕೆ ಹೊತ್ತು ತಂದವರಿದ್ದಾರೆ.

ಆದರೆ ಎನ್. ಬೇಗೂರಿನ ಮನೆಗೆ ನಾನು ಈ ಜೋಡಿಯನ್ನು ಹೇಳಲಿಲ್ಲ. ಅವರಲ್ಲಿದ್ದದ್ದು ನಲವತ್ತು ಸಾವಿರ. ಒಂದೇ ಸಲಕ್ಕೆ ಎಲ್ಲವನ್ನೂ ಅದರೊಳಗೆ ತುರುಕಹೋದರೆ ಎಲ್ಲಿಯಾದರೂ ಕತ್ತರಿ ಹಾಕಲೇಬೇಕು. ಆ ಕತ್ತರಿ ಬೀಳಬಾರದ ಕಡೆಯೇ ಬೀಳುತ್ತದೆ. ಬದಲಿಗೆ ಎರಡು ಕಂತಿನ ದಾರಿ ತೋರಿಸಿದೆ. ಮೊದಲ ಕಂತಿನಲ್ಲಿ ಎಎಂಡಿಯ ರೈಜೆನ್ 5 5600ಜಿ. ಆರು ಕೋರು, ಹನ್ನೆರಡು ಥ್ರೆಡ್ಡು, ಒಳಗೇ ಒಂದು ಮಟ್ಟದ ಗ್ರಾಫಿಕ್ಸು. ಮೈನ್‌ಕ್ರಾಫ್ಟ್, ವ್ಯಾಲರಂಟ್, 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5, ಇವನ್ನೆಲ್ಲ ಚಿತ್ರದ ಗುಣಮಟ್ಟ ತಗ್ಗಿಸಿಕೊಂಡರೆ ಇದರಲ್ಲೇ ಆಡಬಹುದು. ಹೊಸ ಭಾರೀ ಆಟಗಳು ಆಗುವುದಿಲ್ಲ. ಮುಂದಿನ ವರ್ಷ ಬೆಳೆ ಕೈಹಿಡಿದರೆ ಆರ್‌ಎಕ್ಸ್ 6600ರಂತಹ ಕಾರ್ಡನ್ನು ಅದೇ ಪೆಟ್ಟಿಗೆಗೆ ಸೇರಿಸಬಹುದು. ಬೆಳೆ ಕೈಕೊಟ್ಟರೂ ಓದಿನ ಕೆಲಸ ನಿಲ್ಲುವುದಿಲ್ಲ.

ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಸ್ವಂತ ನೆನಪಿಲ್ಲ. ಅದು ರ್‍ಯಾಮನ್ನೇ ಎರವಲು ಪಡೆಯುತ್ತದೆ. ಆದ್ದರಿಂದ ಹದಿನಾರು ಜಿಬಿಯ ಒಂದು ಪಟ್ಟಿಗಿಂತ ಎಂಟೆಂಟು ಜಿಬಿಯ ಎರಡು ಪಟ್ಟಿ ಹಾಕಿಸಬೇಕು. ಡಿಡಿಆರ್4-3200ರ ಒಂದು ಪಟ್ಟಿಯಲ್ಲಿ ಸೆಕೆಂಡಿಗೆ 25.6 ಜಿಬಿ ಹರಿದರೆ ಎರಡರಲ್ಲಿ 51.2. ಒಂದು ತೂಬಿನ ಬದಲು ಎರಡು ತೂಬು ಎತ್ತಿದ ಹಾಗೆ. ಬೇರೆ ಕಾರ್ಡಿಗೆ ಏಕೆ ದುಡ್ಡು ಕೊಡಬೇಕೆಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ: ಆರ್‌ಎಕ್ಸ್ 6600ರ ಸ್ವಂತ ನೆನಪಿನಲ್ಲಿ ಹರಿಯುವುದು ಸೆಕೆಂಡಿಗೆ 224 ಜಿಬಿ. ಎರಡನೆಯ ಎಚ್ಚರಿಕೆ, ಮುಂದೆ ಕಾರ್ಡು ಕೊಳ್ಳುವಾಗ ಅಗ್ಗವೆಂದು ಆರ್‌ಎಕ್ಸ್ 6500 ಎಕ್ಸ್‌ಟಿಗೆ ಮನಸೋಲಬಾರದು. ಆ ಕಾರ್ಡಿಗೂ ಮದರ್‌ಬೋರ್ಡಿಗೂ ನಡುವೆ ಇರುವುದು ನಾಲ್ಕೇ ಓಣಿಗಳ ದಾರಿ. 5600ಜಿ ಪ್ರೊಸೆಸರು ಹಿಂದಿನ ತಲೆಮಾರಿನ ಪಿಸಿಐಇ 3.0 ವೇಗದಲ್ಲಷ್ಟೇ ಮಾತಾಡಬಲ್ಲದಾದ್ದರಿಂದ ಆ ದಾರಿ ಇನ್ನೂ ಅರ್ಧಕ್ಕಿಳಿಯುತ್ತದೆ. ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ರ್‍ಯಾಮಿನ ಬೆಲೆ ಕೇಳಿ ಹೆದರಿದವರು ಹಲವರು. 2025ರ ಕೊನೆಯ ತಿಂಗಳುಗಳಲ್ಲಿ ಅದು ನೋಡನೋಡುತ್ತಲೇ ಎರಡು ಪಟ್ಟನ್ನೂ ಮೀರಿತು. ಜಗತ್ತಿನ ರ್‍ಯಾಮಿನ ಬಹುಪಾಲನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಸಂಸ್ಥೆಗಳು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಬೇಕಾದ ದುಬಾರಿ ನೆನಪಿನ ತಯಾರಿಕೆಯತ್ತ ಅವು ತಿರುಗಿಕೊಂಡಿವೆ. ಮೈಕ್ರಾನ್ ಅಂತೂ ‘ಕ್ರೂಷಿಯಲ್’ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಹಾಗಾಗಿ ಹಳೆಯ ವೀಡಿಯೋಗಳಲ್ಲಿ ತೋರಿಸುವ ‘ಮೂವತ್ತು ಸಾವಿರದ ಪಟ್ಟಿ’ಗಳನ್ನು ನಂಬಿ ಅಂಗಡಿಗೆ ಹೋದರೆ ಮುಖಭಂಗವಾದೀತು. ನಾನು ಇಲ್ಲಿ ಒಂದೊಂದರ ಬೆಲೆ ಬರೆಯದಿರುವುದಕ್ಕೂ ಇದೇ ಕಾರಣ. ಕೊಳ್ಳುವ ವಾರದಲ್ಲೇ ಎರಡು ಮೂರು ಕಡೆ ಕೇಳಿ ಬರೆದಿಟ್ಟುಕೊಳ್ಳಿ.

ಈಗ ಯಾರೂ ಕೇಳದ ಭಾಗಕ್ಕೆ ಬರೋಣ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಇಳಿಸಿಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆ. ನನ್ನ ಮೊದಲ ಕಂಪ್ಯೂಟರಿಗೆ ಉಳಿತಾಯವೆಂದು ಕ್ಯಾಬಿನೆಟ್ಟಿನ ಜೊತೆ ಉಚಿತವಾಗಿ ಬಂದದ್ದನ್ನೇ ಹಾಕಿಸಿದ್ದೆ. ಒಂದು ಸಂಜೆ ಪಟಾಕಿ ಸಿಡಿದಂತೆ ಸದ್ದಾಯಿತು, ಸುಟ್ಟ ವಾಸನೆ ಬಂತು. ಅದು ತಾನು ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಉಳಿಸಿದ್ದು ಎಂಟು ನೂರು, ಕಳೆದದ್ದು ಹದಿನಾಲ್ಕು ಸಾವಿರ.

ಹಳ್ಳಿಯ ಮನೆಗೆ ಈ ಭಾಗ ನಗರದ ಮನೆಗಿಂತ ಮುಖ್ಯ. ಮೂರು ಫೇಸ್ ಬಂದು ತೋಟದ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ತಿರುಗತೊಡಗಿದಾಗ ಮನೆಯ ಬಲ್ಬು ಮಂಕಾಗುವುದನ್ನು ಯಾರು ನೋಡಿಲ್ಲ? ಎಸ್‌ಎಂಪಿಎಸ್ಸಿನ ಮೈಮೇಲೆ ಅಂಟಿಸಿರುವ ಚೀಟಿಯನ್ನು ಓದಿ. ಅಗ್ಗದವುಗಳಲ್ಲಿ 200ರಿಂದ 240 ವೋಲ್ಟ್ ಎಂದಿರುತ್ತದೆ. ವೋಲ್ಟೇಜು ಅದಕ್ಕಿಂತ ಇಳಿದರೆ ಕಂಪ್ಯೂಟರು ತಟ್ಟನೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. 100ರಿಂದ 240 ಎಂದು ಬರೆದಿರುವುದನ್ನೇ ಆರಿಸಿ. ಅದರ ಜೊತೆಗೆ ‘80 ಪ್ಲಸ್ ಬ್ರಾಂಜ್’ ಎಂಬ ಮುದ್ರೆಯಿರಲಿ. ಅರ್ಧ ಭಾರದಲ್ಲಿ ದುಡಿಯುವಾಗ ಪಡೆದ ನೂರು ಪಾಲು ವಿದ್ಯುತ್ತಿನಲ್ಲಿ ಕನಿಷ್ಠ 85 ಪಾಲನ್ನು ಕೆಲಸಕ್ಕೆ ಒದಗಿಸುತ್ತದೆ, ಉಳಿದದ್ದಷ್ಟೇ ಶಾಖವಾಗಿ ಹೋಗುತ್ತದೆ ಎಂದು ಅದರರ್ಥ. ಎಷ್ಟು ವಾಟ್ ಬೇಕು? ಆರ್‌ಎಕ್ಸ್ 6600 ಕಾರ್ಡಿನ ಹಸಿವು 132 ವಾಟ್. 5600ಜಿಯದು 65 ಎಂದು ಬರೆದಿದ್ದರೂ ಓಡುವಾಗ ಇನ್ನಷ್ಟು ಕೇಳುತ್ತದೆ. ಉಳಿದದ್ದೆಲ್ಲ ಸೇರಿದರೂ ಮುನ್ನೂರರೊಳಗೆ. 550 ವಾಟಿನದು ಎರಡನೆಯ ಕಂತಿಗೂ ಧಾರಾಳವಾಯಿತು. 850, 1000 ಎಂದು ಹೇಳಿ ಹೆದರಿಸುವವರ ಮಾತು ಬೇಡ.

ಯುಪಿಎಸ್ ಕೊಳ್ಳುವಾಗಲೂ ಅಕ್ಷರ ನೋಡಿ. 600 ವಿಎ ಎಂದರೆ 600 ವಾಟ್ ಅಲ್ಲ; ಸಾಮಾನ್ಯವಾಗಿ 360 ವಾಟ್. ಮುಂದೆ ಕಾರ್ಡು ಸೇರುವುದಾದರೆ 1000 ವಿಎ ಇರುವುದೇ ಲೇಸು. ಅದು ಕೊಡುವುದು ಕೆಲವು ನಿಮಿಷ ಮಾತ್ರ. ಆಟ ಮುಂದುವರಿಸಲು ಅಲ್ಲ, ಮರ್ಯಾದೆಯಿಂದ ಮುಚ್ಚಲು. ಇನ್ನು ಅರ್ತಿಂಗ್. ಮೂರು ಕಡ್ಡಿಯ ಪ್ಲಗ್ಗನ್ನು ಎರಡು ತೂತಿನ ಬೋರ್ಡಿಗೆ ಹೇಗೋ ಹೊಂದಿಸಿ ಚುಚ್ಚುವ ನಮ್ಮ ಜಾಣತನ ಇಲ್ಲಿ ನಡೆಯದು. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದರೆ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಆಮೇಲೆ ಕಂಪ್ಯೂಟರು ಹಚ್ಚಿ. ಗುಡುಗು ಕೇಳಿಸಿದರೆ ಕರೆಂಟಿನ ಪ್ಲಗ್ಗಿನ ಜೊತೆ ಇಂಟರ್ನೆಟ್ಟಿನ ತಂತಿಯನ್ನೂ ಕೀಳಬೇಕು. ಅದೂ ಹೊರಗಿನಿಂದ ಬಂದ ತಂತಿಯೇ.

ಮಾಹಿತಿ ತುಂಬಿಡಲು ಹಾರ್ಡ್ ಡಿಸ್ಕು ಬೇಡ, 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. ಹುಡುಗರು ಇನ್ನೊಂದು ಲೆಕ್ಕ ಹಾಕಿಕೊಳ್ಳಬೇಕು. ಇಂದಿನ ದೊಡ್ಡ ಆಟಗಳು ನೂರು ಜಿಬಿ ದಾಟುತ್ತವೆ. ಮೊಬೈಲಿನಲ್ಲಿ ದಿನಕ್ಕೆ ಎರಡು ಜಿಬಿಯ ಪ್ಯಾಕು ಹಾಕಿಸಿಕೊಂಡಿರುವ ಮನೆಯಲ್ಲಿ ಅಂತಹ ಒಂದು ಆಟ ಇಳಿಯಲು ಐವತ್ತು ದಿನ, ಅದೂ ಮನೆಯಲ್ಲಿ ಬೇರೆ ಯಾರೂ ಏನೂ ನೋಡದಿದ್ದರೆ. ಫೈಬರ್ ಸಂಪರ್ಕವಿರುವ ಗೆಳೆಯನ ಮನೆಯಲ್ಲಿ ಇಳಿಸಿ ಡಿಸ್ಕಿನಲ್ಲಿ ತರುವುದು ಒಂದು ಉಪಾಯ. ‘ಕ್ರ್ಯಾಕ್’ ಮಾಡಿದ ಆಟವನ್ನು ಪೆನ್‌ಡ್ರೈವಿನಲ್ಲಿ ತಂದುಕೊಳ್ಳುವುದು ಉಪಾಯವಲ್ಲ. ಅದರ ಜೊತೆಗೆ ಬರುವ ವೈರಸ್ಸಿಗೆ ಅಪ್ಪನ ಬ್ಯಾಂಕಿನ ಪಾಸ್‌ವರ್ಡಿನ ಮೇಲೆಯೇ ಕಣ್ಣು.

ಎಲ್ಲಿ ಕೊಳ್ಳಬೇಕು? ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಬಿಡಿಭಾಗಗಳ ದೊಡ್ಡ ಸಂತೆ. ಅಲ್ಲಿ ಬೆಲೆ ಒಂದಿಷ್ಟು ಇಳಿಯಬಹುದು. ಆದರೆ ಕಾಡಂಚಿನ ಊರಿನವರಿಗೆ ನಾನು ಮೈಸೂರನ್ನೇ ಹೇಳುತ್ತೇನೆ. ಕೆಟ್ಟ ಭಾಗ ಹಿಂದಿರುಗಿಸಲು ಎರಡು ಸಲ ಬೆಂಗಳೂರಿಗೆ ಹೋಗಿ ಬಂದರೆ ಉಳಿಸಿದ್ದೆಲ್ಲ ಬಸ್ಸಿಗೂ ಕಳೆದ ಕೂಲಿಗೂ ಸರಿಹೋಗುತ್ತದೆ. ಪ್ರೊಸೆಸರಿಗೂ ಮದರ್‌ಬೋರ್ಡಿಗೂ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಇರುತ್ತದೆ. ‘ಬಿಲ್ ಬೇಡವೆಂದರೆ ಜಿಎಸ್‌ಟಿಯ ನೂರಕ್ಕೆ 18 ಉಳಿಯುತ್ತದೆ’ ಎನ್ನುವವರು ಆ ಮೂರು ವರ್ಷವನ್ನೂ ನಿಮ್ಮಿಂದ ಕಸಿದುಕೊಳ್ಳುತ್ತಿದ್ದಾರೆ. ಬಿಲ್ಲಿನಲ್ಲಿ ಒಂದೊಂದು ಭಾಗದ ಸೀರಿಯಲ್ ನಂಬರು ಬರೆಸಿ. ಮದರ್‌ಬೋರ್ಡು ಬಿ550 ಆದರೆ 5600ಜಿ ನೇರವಾಗಿ ಕೂರುತ್ತದೆ. ಹಳೆಯ ಬಿ450 ಆದರೆ ಬಯೋಸ್ ಹೊಸದಾಗಿದೆಯೇ ಎಂದು ಕೇಳಿ, ಅಂಗಡಿಯಲ್ಲೇ ಹೊತ್ತಿಸಿ ತೋರಿಸಿಕೊಂಡೇ ತನ್ನಿ. ಬಣ್ಣದ ದೀಪದ ಫ್ಯಾನುಗಳಿಗೆ ನನ್ನ ವಿರೋಧವೇನಿಲ್ಲ, ಆದರೆ ಮುಂಭಾಗ ಗಾಜಿನಿಂದ ಮುಚ್ಚಿ ಗಾಳಿಗೆ ದಾರಿಯಿಲ್ಲದ ಕ್ಯಾಬಿನೆಟ್ ಬೇಡ. ಜಾಲರಿಯಿರಲಿ, ತೆಗೆದು ತೊಳೆಯುವಂತಹದು. ನಮ್ಮ ಊರುಗಳಲ್ಲಿ ಧೂಳಿನ ಜೊತೆ ಇರುವೆ, ಹಲ್ಲಿಗಳಿಗೂ ಬೆಚ್ಚನೆಯ ಪೆಟ್ಟಿಗೆ ಎಂದರೆ ಪ್ರೀತಿ.

ತಂದೆಯ ಇನ್ನೊಂದು ಅಂಜಿಕೆ ಮಾತಿನ ನಡುವೆ ಹೊರಬಂತು. ಪಕ್ಕದ ಊರಿನ ಹುಡುಗನೊಬ್ಬ ಮೊಬೈಲಿನ ಆಟದಲ್ಲಿ ಮನೆಯ ದುಡ್ಡು ಕಳೆದಿದ್ದನಂತೆ. ‘ಇದೂ ಅದೇನಾ ಸಾ?’ ಅಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಸ್ಪರ್ಧೆಯಾಗಿ ಆಡುವ ಇ-ಸ್ಪೋರ್ಟ್ಸನ್ನು ಅದೇ ಕಾಯಿದೆ ಬೇರೆಯಾಗಿ ಗುರುತಿಸುತ್ತದೆ. ಆದರೂ ಆಟದೊಳಗೆ ಬಂದೂಕಿಗೆ ಬಣ್ಣ, ಗೊಂಬೆಗೆ ಅಂಗಿ ಎಂದು ಮಾರುವ ಅಂಗಡಿಗಳಿರುತ್ತವೆ. ಮನೆಯ ಯುಪಿಐ ಆ ಕಂಪ್ಯೂಟರಿಗೆ ಅಂಟಿಕೊಂಡಿರಬಾರದು. ಆಟದ ಉದ್ಯಮ ನಮಗೆ ದೂರದ್ದೇನೂ ಅಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಕೊಂಡದ್ದು ಜಿಟಿಎ ಆಟದ ಒಡೆಯರಾದ ರಾಕ್‌ಸ್ಟಾರ್. ಮಗನ ಕಂಪ್ಯೂಟರಿನಲ್ಲಿ ಬ್ಲೆಂಡರ್ ಎಂಬ ಉಚಿತ ತಂತ್ರಾಂಶ ಹಾಕಿಸಿ, ಆಟದೊಳಗಿನ ಒಂದು ಮರವನ್ನೋ ಮನೆಯನ್ನೋ ತಾನೇ ಕಟ್ಟಲು ಹೇಳಿ ನೋಡಿ. ಕೈ ಹತ್ತದಿದ್ದರೆ ನಷ್ಟವೇನೂ ಇಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಮಾನಿಟರಿಗೆ ದುಡ್ಡು ಸಾಲದಾಯಿತು. ಮನೆಯಲ್ಲಿ ಟೀವಿ ಇದೆಯೇ ಎಂದೆ. 32 ಇಂಚಿನದು ಇತ್ತು. ಆ ಅಳತೆಯ ಅನೇಕ ಟೀವಿಗಳಲ್ಲಿ ಇರುವುದು 1366ಕ್ಕೆ 768 ಚುಕ್ಕೆ, ಎಂದರೆ ಹತ್ತೂವರೆ ಲಕ್ಷದಷ್ಟು. ಮಾನಿಟರಿನ ಅರ್ಧ. ಅಕ್ಷರ ಓದಲು ಅಷ್ಟು ಹಿತವಲ್ಲದಿದ್ದರೂ ಕಾರ್ಡಿಲ್ಲದ ಮೊದಲ ಕಂತಿನ ಕಂಪ್ಯೂಟರಿಗೆ ಇದು ಅನುಕೂಲವೇ: ತುಂಬಬೇಕಾದ ಚುಕ್ಕೆಗಳು ಅರ್ಧವಾದರೆ ಆಟ ಅಷ್ಟರಮಟ್ಟಿಗೆ ಸರಾಗ. ಎಚ್‌ಡಿಎಂಐ ತಂತಿ ಚುಚ್ಚಿ, ಟೀವಿಯ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಇದ್ದರೆ ಹಾಕಿಕೊಳ್ಳಲು ಹೇಳಿದೆ. ಮಾನಿಟರು ಮುಂದಿನ ವರ್ಷಕ್ಕೆ ಹೋಯಿತು, ಆ ದುಡ್ಡು ಎಸ್‌ಎಂಪಿಎಸ್ ಮತ್ತು ಯುಪಿಎಸ್‌ಗೆ ಬಂತು.

ಮೊನ್ನೆ ಮತ್ತೆ ಅವರ ಕರೆ. ಕಂಪ್ಯೂಟರು ಬಂದಿದೆ, ಹೊತ್ತಿದೆ, ಓಡುತ್ತಿದೆ. ಮತ್ತೇನು ತೊಂದರೆ ಎಂದೆ.

‘ಎಲ್ಲಾ ಸರ್ಯಾಗದೆ ಸಾ. ಸಾಯಂಕಾಲ ಏಳರಿಂದ ಒಂಬತ್ತರ ಗಂಟ ಮಾತ್ರ ಟೀವಿ ಬುಟ್ಕೊಡಕಿಲ್ಲ ಅಂತ ಕುಂತವ್ಳೆ ಅವ್ರವ್ವ. ಆ ಮಾನೀಟ್ರು ಎಷ್ಟಾಯ್ತದೆ ಅಂದ್ರಿ?’